ಮೊದಲು ಒಂದು ಕೋಣೆ, ಆಮೇಲೆ ಕ್ಲಿನಿಕ್

ಮೈಸೂರಿನಲ್ಲಿ 2004ರಲ್ಲಿ ಲೈಂಗಿಕ ಕಾರ್ಯಕರ್ತೆಯರ ಆರೋಗ್ಯ ಸಮೀಕ್ಷೆ ನಡೆದಾಗ ನೂರಕ್ಕೆ 26 ಮಂದಿಯ ರಕ್ತದಲ್ಲಿ ಎಚ್‌ಐವಿ ಸಿಕ್ಕಿತು. ಅಂದರೆ ನಾಲ್ವರಲ್ಲಿ ಒಬ್ಬರು. ನೂರಕ್ಕೆ 25 ಮಂದಿಗೆ ಸಿಫಿಲಿಸ್ ಇತ್ತು, 33 ಮಂದಿಗೆ ಟ್ರೈಕೊಮೊನಾಸ್ ಸೋಂಕು, 11 ಮಂದಿಗೆ ಕ್ಲಾಮಿಡಿಯಾ. ಇಷ್ಟು ಕಾಯಿಲೆ ಹೊತ್ತುಕೊಂಡು ಬಸ್ ನಿಲ್ದಾಣ, ಸರ್ಕಲ್ಲು, ಲಾಡ್ಜುಗಳ ನಡುವೆ ಓಡಾಡುತ್ತಿದ್ದ ಹೆಂಗಸರನ್ನು ‘ನಿಮಗೆ ಮೊದಲು ಏನಾಗಬೇಕು?’ ಎಂದು ಕೇಳಿದರೆ, ಅವರ ಪಟ್ಟಿಯ ತುದಿಯಲ್ಲಿ ಎಚ್‌ಐವಿ ಇರಲಿಲ್ಲ. ಪೊಲೀಸರ ಏಟು ನಿಲ್ಲಬೇಕು, ರೌಡಿಗಳ ಕಾಟ ತಪ್ಪಬೇಕು, ಯಾರೂ ಎಬ್ಬಿಸಿ ಓಡಿಸದ ಒಂದು ಜಾಗ ಬೇಕು ಎನ್ನುವುದು ಅವರ ಬೇಡಿಕೆಯಾಗಿತ್ತು.

ಎಚ್‌ಐವಿ ತಡೆಯಲೆಂದು ದುಡ್ಡು ಹಿಡಿದು ಬಂದವರಿಗೆ ಇಂಥ ಬೇಡಿಕೆ ಸುಲಭಕ್ಕೆ ಒಗ್ಗುವುದಿಲ್ಲ. ಯೋಜನೆಯ ಕಡತದಲ್ಲಿ ಎಷ್ಟು ಕಾಂಡೋಮ್ ಹಂಚಬೇಕು, ಎಷ್ಟು ಜನರ ರಕ್ತ ಪರೀಕ್ಷಿಸಬೇಕು ಎಂಬ ಲೆಕ್ಕ ಇರುತ್ತದೆ. ನಿದ್ದೆಗೆ, ಸ್ನಾನಕ್ಕೆ ಅಲ್ಲಿ ಜಾಗವಿರುವುದಿಲ್ಲ. ಮೈಸೂರಿನಲ್ಲಿ ಆ ಕೆಲಸ ಕೈಗೆತ್ತಿಕೊಂಡಿದ್ದ ಡಾ. ಸುಶೇನಾ ರೆಜಾ-ಪಾಲ್ ಮತ್ತು ಅವರ ಜೊತೆಗಾರರು ಹೆಂಗಸರ ಈ ಬೇಡಿಕೆಯನ್ನು ಬದಿಗೆ ಸರಿಸಲಿಲ್ಲ. ಮೊದಲು ಡ್ರಾಪ್‌ಇನ್ ಸೆಂಟರ್ ಎಂದು ಕರೆಯುವ ಒಂದು ತಂಗುದಾಣ ತೆರೆಯಿತು. ಹಗಲು ಹೊತ್ತು ಬಂದು ಕಾಲು ಚಾಚಿ ಮಲಗಬಹುದು, ಮುಖ ತೊಳೆದು ಸೀರೆ ಬದಲಿಸಬಹುದು, ಟೀ ಕುಡಿಯುತ್ತ ಹಿಂದಿನ ರಾತ್ರಿಯ ಕಷ್ಟ ಹೇಳಿಕೊಳ್ಳಬಹುದು. ಕ್ಲಿನಿಕ್ ಅದರ ಬೆನ್ನಿಗೇ ಬಂತು. 2005ರ ಕೊನೆಗೆ, ಅಲ್ಲಿಗೆ ಬರುತ್ತಿದ್ದವರೇ ಸೇರಿ ‘ಆಶೋದಯ ಸಮಿತಿ’ಯನ್ನು ನೋಂದಾಯಿಸಿದರು. ಹೆಂಗಸರು ಮಾತ್ರವಲ್ಲ, ಈ ವೃತ್ತಿಯಲ್ಲಿರುವ ಗಂಡಸರೂ ಲಿಂಗತ್ವ ಅಲ್ಪಸಂಖ್ಯಾತರೂ ಅದರ ಸದಸ್ಯರಾದರು.

ಕರ್ನಾಟಕ ಏಡ್ಸ್ ತಡೆದ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಕ್ರಮ. ಮೊದಲು ಕೋಣೆ, ಆಮೇಲೆ ಕ್ಲಿನಿಕ್, ಅದರ ಹಿಂದೆ ಕಾಂಡೋಮ್. ಯಾವ ಕಷ್ಟ ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವ ಅಧಿಕಾರ ಕಷ್ಟದಲ್ಲಿ ಇರುವವರ ಕೈಗೆ ಬಂದದ್ದೇ ಇಲ್ಲಿ ಔಷಧಿಯಂತೆ ಕೆಲಸ ಮಾಡಿತು.

ಬಾಗಿಲಿಲ್ಲದ ಊರು

ಮುಂಬೈನ ಕಾಮಾಟಿಪುರ, ಕೋಲ್ಕತ್ತದ ಸೋನಾಗಾಚಿಯಂಥ, ಈ ವೃತ್ತಿಗೆಂದೇ ಇರುವ ಕೇರಿ ಮೈಸೂರಿನಲ್ಲಿ ಇರಲಿಲ್ಲ. ಹೆಚ್ಚಿನವರು ಬೀದಿಯಲ್ಲಿ ಗಿರಾಕಿ ಹುಡುಕಿ ಲಾಡ್ಜಿಗೆ ಹೋಗುವವರು. ಸಂಜೆ ಬಸ್ಸಿಗೆ ಕಾದು ನಿಂತ ನೂರು ಹೆಂಗಸರ ನಡುವೆ ಅವರೂ ನಿಂತಿರುತ್ತಾರೆ. ಕೈಯಲ್ಲಿ ತರಕಾರಿ ಚೀಲವೂ ಇರಬಹುದು. ಮನೆಯಲ್ಲಿ ಗಂಡ, ಮಕ್ಕಳು, ಅತ್ತೆ ಇರುತ್ತಾರೆ, ಅವರಿಗೆ ಇದ್ಯಾವುದೂ ತಿಳಿದಿರುವುದಿಲ್ಲ. ಇಂಥ ಊರಿನಲ್ಲಿ ಆರೋಗ್ಯ ಇಲಾಖೆಯವರು ಯಾವ ಬಾಗಿಲು ತಟ್ಟಬೇಕು? ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂಬುದು ಗೊತ್ತಿದ್ದದ್ದು ಅದೇ ವೃತ್ತಿಯವರಿಗೆ ಮಾತ್ರ. ಹಾಗಾಗಿ ನಕ್ಷೆ ಬರೆದವರೂ ಅವರೇ, ಊರು ಸುತ್ತಿದವರೂ ಅವರೇ. ಒಬ್ಬೊಬ್ಬರು ತಮಗೆ ಪರಿಚಯವಿರುವ ಅರವತ್ತರ ಆಸುಪಾಸು ಜನರನ್ನು ನೋಡಿಕೊಳ್ಳುವುದು ಇಂಥ ಕಾರ್ಯಕ್ರಮಗಳ ಲೆಕ್ಕ. ಇವರನ್ನು ‘ಪೀರ್’ ಎನ್ನುತ್ತಾರೆ. 2006ರ ಕೊನೆಯ ಹೊತ್ತಿಗೆ ಮೈಸೂರಿನಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿಯನ್ನು ಇವರು ಒಮ್ಮೆಯಾದರೂ ಮುಟ್ಟಿದ್ದರು.

ಕ್ಲಿನಿಕ್ಕಿಗೆ ಬರುವಂತೆ ಮಾಡುವುದು ಇನ್ನೊಂದು ಸಾಹಸ. ದೊಡ್ಡಾಸ್ಪತ್ರೆಯ ಹೊರರೋಗಿ ವಿಭಾಗ ಬೆಳಿಗ್ಗೆ ತೆರೆಯುತ್ತದೆ. ರಾತ್ರಿಯೆಲ್ಲ ಎದ್ದಿದ್ದವಳಿಗೆ ಆ ಹೊತ್ತಿಗೆ ಕಣ್ಣು ಬಿಡಲಾಗುವುದಿಲ್ಲ. ಹೋದರೂ ಚೀಟಿ ಬರೆಯುವವರು ಗಂಡನ ಹೆಸರು ಕೇಳುತ್ತಾರೆ. ‘ಬಿಳಿ ಸೆರಗು ಹೋಗ್ತಿದೆ, ಕಿಬ್ಬೊಟ್ಟೆ ನೋವು’ ಎಂದರೆ ಸಾಲಿನಲ್ಲಿದ್ದ ನಾಲ್ಕು ಜನ ತಿರುಗಿ ನೋಡುತ್ತಾರೆ. ಇನ್ನು ವೃತ್ತಿ ಯಾವುದೆಂದು ಬಾಯಿ ಬಿಟ್ಟರೆ ಮುಟ್ಟಿ ಪರೀಕ್ಷೆ ಮಾಡಲೂ ಹಿಂಜರಿಯುವವರಿದ್ದರು. ತಂಗುದಾಣದ ಪಕ್ಕದ ಕ್ಲಿನಿಕ್ಕಿನಲ್ಲಿ ಈ ಯಾವ ಪ್ರಶ್ನೆಗೂ ಕೆಲಸವಿರಲಿಲ್ಲ. ಜೊತೆಗೆ ಬಂದ ಗೆಳತಿಯೇ ಅಲ್ಲಿಯ ಕಾರ್ಯಕರ್ತೆ. ಒಳಗೆ ಏನು ಪರೀಕ್ಷೆ ಮಾಡುತ್ತಾರೆ, ಆ ಉಪಕರಣ ಹೇಗಿರುತ್ತದೆ, ನೋವಾಗುತ್ತದೋ ಇಲ್ಲವೋ ಎಂದು ಅವಳೇ ಮೊದಲು ಹೇಳಿಕೊಡುತ್ತಾಳೆ.

ಈ ಕ್ಲಿನಿಕ್ಕಿನಲ್ಲಿ ನಡೆಯುವ ವೈದ್ಯಕೀಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗೊನೋರಿಯಾ, ಕ್ಲಾಮಿಡಿಯಾದಂಥ ಸೋಂಕು ಗಂಡಸಿಗೆ ತಗುಲಿದರೆ ಹಲವು ಸಲ ಉರಿ, ಕೀವು ಕಾಣಿಸಿಕೊಂಡು ಅವನನ್ನು ಡಾಕ್ಟರ ಬಳಿ ಓಡಿಸುತ್ತದೆ. ಹೆಂಗಸಿನಲ್ಲಿ ಬಹಳಷ್ಟು ಸಲ ಏನೂ ಕಾಣುವುದಿಲ್ಲ. ಸೋಂಕು ಗರ್ಭಕೋಶದ ಬಾಯಲ್ಲಿ ಸುಮ್ಮನೆ ಕೂತು ಬೆಳೆಯುತ್ತದೆ. ಆದ್ದರಿಂದ ‘ತೊಂದರೆ ಆದಾಗ ಬನ್ನಿ’ ಎಂದರೆ ಸಾಲದು, ತೊಂದರೆ ಇಲ್ಲದಾಗಲೂ ಕ್ರಮವಾಗಿ ಬರಬೇಕು. ಮೊದಲ ಭೇಟಿಯಲ್ಲೇ ಈ ಎರಡು ಸೋಂಕಿಗೆ ಮದ್ದು ಕೊಟ್ಟುಬಿಡುವ ಪದ್ಧತಿಯೂ ಬಂತು. ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ಔಷಧಿಗಳನ್ನು ಬಣ್ಣದ ಪೊಟ್ಟಣಗಳಲ್ಲಿ ಕಟ್ಟಿದ್ದಾರೆ. ಬೂದು ಪೊಟ್ಟಣದಲ್ಲಿ ಒಂದು ಗ್ರಾಂ ಅಜಿತ್ರೋಮೈಸಿನ್ ಮತ್ತು 400 ಮಿಲಿಗ್ರಾಂ ಸೆಫಿಕ್ಸಿಮ್, ಒಂದೇ ಸಲಕ್ಕೆ ನುಂಗಿದರೆ ಮುಗಿಯಿತು. ಯೋನಿಯ ಸೋಂಕಿಗೆ ಹಸಿರು ಪೊಟ್ಟಣ, ಹುಣ್ಣಿಗೆ ಬಿಳಿ, ಹೀಗೆ. ಓದು ಬಾರದವರಿಗೂ ನೆನಪಿನಲ್ಲಿ ಉಳಿಯುವ ಏರ್ಪಾಡು.

ಗುಪ್ತರೋಗಕ್ಕೆ ಮದ್ದು ಕೊಟ್ಟರೆ ಎಚ್‌ಐವಿ ಹೇಗೆ ನಿಲ್ಲುತ್ತದೆ ಎಂದು ಕೇಳುವವರಿದ್ದಾರೆ. ಹುಣ್ಣು, ಉರಿಯೂತ ಇರುವ ಜಾಗದಲ್ಲಿ ವೈರಸ್ ಸುಲಭವಾಗಿ ದಾಟುತ್ತದೆ ಎಂಬುದು ಒಂದು ಕಾರಣ. ತಾಂಜಾನಿಯಾದ ಮ್ವಾಂಜಾ ಪ್ರದೇಶದ ಹಳ್ಳಿಗಳಲ್ಲಿ ಗುಪ್ತರೋಗಗಳ ಚಿಕಿತ್ಸೆ ಸುಧಾರಿಸಿದಾಗ ಹೊಸ ಎಚ್‌ಐವಿ ಸೋಂಕು ಸುಮಾರು ಶೇ 40ರಷ್ಟು ಇಳಿಯಿತೆಂದು 1995ರಲ್ಲಿ ವರದಿಯಾಯಿತು. ಉಗಾಂಡಾದ ರಾಕಾಯ್‌ನಲ್ಲಿ ಇಡೀ ಊರಿಗೆ ಒಟ್ಟಿಗೆ ಮದ್ದು ಕೊಟ್ಟು ನೋಡಿದಾಗ ಅಂಥ ಫಲ ಸಿಗಲಿಲ್ಲ. ಹಾಗಾಗಿ ಮದ್ದೊಂದೇ ಎಲ್ಲವನ್ನೂ ಮಾಡಿತೆಂದು ಹೇಳಲಾಗದು. ನನಗೆ ಇನ್ನೊಂದು ಕಾರಣ ಹೆಚ್ಚು ದೊಡ್ಡದೆನಿಸುತ್ತದೆ. ಎಚ್‌ಐವಿ ನಾಳಿನ ಭಯ. ಕಿಬ್ಬೊಟ್ಟೆ ನೋವು ಇವತ್ತಿನದು. ಇವತ್ತಿನ ನೋವನ್ನು ಇಳಿಸಿದ ಜಾಗಕ್ಕೆ ಹೆಂಗಸು ನಾಳೆಯೂ ಬರುತ್ತಾಳೆ, ಅಲ್ಲಿ ಹೇಳಿದ ಮಾತನ್ನು ನಂಬುತ್ತಾಳೆ.

ಮೂವತ್ತು ತಿಂಗಳ ನಂತರ ಮೈಸೂರಿನಲ್ಲಿ ಮತ್ತೆ ಸಮೀಕ್ಷೆ ನಡೆಯಿತು. ಸಿಫಿಲಿಸ್ ಶೇ 25ರಿಂದ 12ಕ್ಕೆ ಇಳಿದಿತ್ತು. ಟ್ರೈಕೊಮೊನಾಸ್ 33ರಿಂದ 14ಕ್ಕೆ, ಕ್ಲಾಮಿಡಿಯಾ 11ರಿಂದ 5ಕ್ಕೆ, ಗೊನೋರಿಯಾ 5ರಿಂದ 2ಕ್ಕೆ ಬಂದಿತ್ತು. ಎಚ್‌ಐವಿ ಶೇ 24. ಒಮ್ಮೆ ಬಂದ ವೈರಸ್ ರಕ್ತದಿಂದ ಹೋಗುವುದಿಲ್ಲವಾದ್ದರಿಂದ ಆ ಅಂಕಿ ಬೇಗ ಇಳಿಯುವಂಥದ್ದಲ್ಲ, ಏರದೆ ನಿಂತದ್ದೇ ದೊಡ್ಡ ಸುದ್ದಿ. ಹೊಸದಾಗಿ ತಗುಲಿದ ಸೋಂಕನ್ನು ಗುರುತಿಸುವ ಪರೀಕ್ಷೆಗಳೂ ಇಳಿಮುಖವನ್ನೇ ತೋರಿಸಿದವು.

ಕಾಂಡೋಮಿನ ಅಂಕಿಗಳನ್ನು ನೋಡಿದರೆ ಮನಸ್ಸು ಅಲ್ಲೇ ನಿಲ್ಲುತ್ತದೆ. ಅಪರೂಪಕ್ಕೆ ಬರುವ ಗಿರಾಕಿಯೊಡನೆ ಕಾಂಡೋಮ್ ಬಳಸಿದವರು ಶೇ 65ರಿಂದ 90ಕ್ಕೆ ಏರಿದ್ದರು. ಮತ್ತೆ ಮತ್ತೆ ಬರುವ ಗಿರಾಕಿಯೊಡನೆ 53ರಿಂದ 66ಕ್ಕೆ. ಗಂಡ, ಪ್ರಿಯಕರ, ಬಾಳು ಹಂಚಿಕೊಂಡವನೊಡನೆ? ಶೇ 7ರಿಂದ 30ಕ್ಕೆ. ಗುರುತಿಲ್ಲದವನ ಮುಂದೆ ‘ಇದಿಲ್ಲದೆ ಆಗದು’ ಎನ್ನುವ ಧೈರ್ಯ ಸಂಘ ಕೊಟ್ಟಿತು. ಮನೆಗೆ ಬರುವವನಿಗೆ ಅದೇ ಮಾತು ಹೇಳಿದರೆ ‘ನನ್ನ ಮೇಲೆ ನಂಬಿಕೆ ಇಲ್ಲವೇ, ಇಲ್ಲ ನಿನಗೇ ಏನಾದರೂ ಬಂದಿದೆಯೇ’ ಎನ್ನುತ್ತಾನೆ. ಅವನೊಬ್ಬನೊಡನೆಯಾದರೂ ವ್ಯವಹಾರವಿಲ್ಲದೆ ಇರಬೇಕೆಂಬುದು ಅವಳ ಆಸೆಯೂ ಹೌದು. ಇಲ್ಲಿ ತಿಳಿವಳಿಕೆಯ ಕೊರತೆ ಇಲ್ಲ, ಉಪನ್ಯಾಸದಿಂದ ಆಗುವುದೂ ಏನಿಲ್ಲ. ನಮ್ಮ ಗೃಹಿಣಿಯರಲ್ಲಿ ಎಷ್ಟು ಮಂದಿ ಗಂಡನಿಗೆ ಈ ಮಾತು ಹೇಳಬಲ್ಲರು ಎಂದು ಕೇಳಿಕೊಂಡರೆ, ಏಳರಿಂದ ಮೂವತ್ತಕ್ಕೆ ಏರಿದ ಆ ಅಂಕಿ ಎಷ್ಟು ದೊಡ್ಡ ಜಿಗಿತವೆಂದು ಅರ್ಥವಾಗುತ್ತದೆ.

ಬಂಧನದಿಂದ ಸಂಘಕ್ಕೆ

ನಮ್ಮ ದೇಶ ಈ ದಾರಿಗೆ ಸುಲಭವಾಗಿ ಬರಲಿಲ್ಲ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಸಂಗ್ರಹಿಸಿದ ರಕ್ತದ ಮಾದರಿಗಳಲ್ಲಿ ಅದು ಸಿಕ್ಕಿತು. ಆ ರಕ್ತ ಕೊಟ್ಟವರು ಕಾನೂನಿನ ವಶದಲ್ಲಿದ್ದ ಲೈಂಗಿಕ ಕಾರ್ಯಕರ್ತೆಯರು. ವಿಜ್ಞಾನಕ್ಕೆ ಅದು ಮಹತ್ವದ ಪತ್ತೆ. ಆದರೆ ಅಲ್ಲಿಂದ ಮುಂದೆ ಊರಿನ ಕಣ್ಣಲ್ಲಿ ರೋಗವೂ ಈ ಹೆಂಗಸರೂ ಒಂದೇ ಆದರು. ದಾಳಿ, ಬಂಧನ, ಒತ್ತಾಯದ ರಕ್ತ ಪರೀಕ್ಷೆ ನಡೆದ ಕಡೆಯೆಲ್ಲ ಅವರು ಇನ್ನಷ್ಟು ಮರೆಗೆ ಸರಿದರು, ಸೋಂಕು ಅವರ ಹಿಂದೆ ಹೋಯಿತು.

ಹಾದಿ ಬದಲಿಸಿದ್ದು ಕೋಲ್ಕತ್ತ. ಡಾ. ಸ್ಮರಜಿತ್ ಜಾನಾ 1992ರಲ್ಲಿ ಸೋನಾಗಾಚಿಗೆ ಕಾಲಿಟ್ಟಾಗ ಅಲ್ಲಿ ಕಾಂಡೋಮ್ ಬಳಸುತ್ತಿದ್ದವರು ನೂರಕ್ಕೆ ಮೂವರೂ ಇರಲಿಲ್ಲ. ಅವರು ಅಲ್ಲಿಯ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿದರು. ಈ ಹೆಂಗಸರಿಂದ 1995ರಲ್ಲಿ ‘ದುರ್ಬಾರ್’ ಎಂಬ ಸಂಘಟನೆ ಹುಟ್ಟಿತು. ಅದೇ ವರ್ಷ ‘ಉಷಾ’ ಎಂಬ ಅವರದೇ ಸಹಕಾರ ಸಂಘವೂ ಬಂತು. ಸಾಲಕ್ಕೆ ಮಾರ್ವಾಡಿಯ ಬಡ್ಡಿ ಕಟ್ಟುವವಳು ಹೆಚ್ಚು ದುಡ್ಡು ಕೊಡುವ, ಕಾಂಡೋಮ್ ಒಲ್ಲೆನೆನ್ನುವ ಗಿರಾಕಿಯನ್ನು ಹಿಂದಕ್ಕೆ ಕಳಿಸಲಾರಳು. ಉಳಿತಾಯದ ಪುಸ್ತಕವಿದ್ದವಳು ಕಳಿಸಬಲ್ಲಳು. ಬ್ಯಾಂಕೂ ಆರೋಗ್ಯ ಸೇವೆಯ ಒಂದು ಭಾಗವೆಂದು ಜಾನಾ ಬಹಳ ಮೊದಲೇ ಕಂಡುಕೊಂಡಿದ್ದರು. 2021ರ ಮೇ ತಿಂಗಳಲ್ಲಿ ಕೋವಿಡ್ ಅವರನ್ನು ಒಯ್ದಿತು.

ಕರ್ನಾಟಕದಲ್ಲಿ ಈ ಬಗೆಯ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು 2003ರ ಬಳಿಕ. ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಕಾರ್ಯಕ್ರಮ ಆರಿಸಿಕೊಂಡ ಆರು ರಾಜ್ಯಗಳಲ್ಲಿ ನಮ್ಮದೂ ಒಂದು. ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸಹಭಾಗಿತ್ವದಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹುಟ್ಟಿತು. 2003ರಲ್ಲೇ ಬಾಗಲಕೋಟೆ ಜಿಲ್ಲೆಯಲ್ಲಿ ಸಾಮಾನ್ಯ ಜನರ ನಡುವೆ ನಡೆದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ 2.9 ಮಂದಿಗೆ ಎಚ್‌ಐವಿ ಕಂಡಿತ್ತು. ದೊಡ್ಡ ನಗರವಿಲ್ಲದ, ಕಬ್ಬು ಜೋಳದ ಸೀಮೆಯಲ್ಲಿ ಅಷ್ಟು! ದೇವದಾಸಿ ಬಿಡುವುದನ್ನು 1982ರ ಕಾಯ್ದೆ ನಿಷೇಧಿಸಿದ್ದರೂ ಆ ಪದ್ಧತಿಯ ನೆರಳಲ್ಲಿ ಬದುಕು ಕಟ್ಟಿಕೊಂಡ ಹೆಣ್ಣುಮಕ್ಕಳು ಅಲ್ಲಿಯ ಹಳ್ಳಿ ಹಳ್ಳಿಯಲ್ಲಿದ್ದರು. ಅವರು ಕೆಲಸ ಮಾಡುತ್ತಿದ್ದದ್ದು ತಮ್ಮ ತಮ್ಮ ಮನೆಗಳಲ್ಲೇ, ತಾಯಿ ಮಕ್ಕಳ ನಡುವೆ. ಮೈಸೂರಿನ ತಂಗುದಾಣದ ಮಾದರಿ ಅಲ್ಲಿಗೆ ನಡೆಯುವಂಥದ್ದಲ್ಲ. ಬಾಗಲಕೋಟೆಯ ‘ಚೈತನ್ಯ’, ಬೆಳಗಾವಿಯ ‘ಶಕ್ತಿ’ ಮಹಿಳಾ ಸಂಘಗಳು ಹಳ್ಳಿಯ ನಂಟು, ಜಾತಿ, ಕೇರಿಗಳ ಒಳಗಿಂದಲೇ ದಾರಿ ಹುಡುಕಿದವು. ಒಂದು ಊರಿನಲ್ಲಿ ಗೆದ್ದ ಸೂತ್ರವನ್ನು ಇನ್ನೊಂದು ಊರಿಗೆ ಹಾಗೇ ಹೊತ್ತೊಯ್ಯಲು ಆಗದು. ಒಯ್ಯಬಹುದಾದದ್ದು, ಅಲ್ಲಿಯವರನ್ನು ಕೇಳಿ ಶುರುಮಾಡುವ ರೂಢಿಯೊಂದೇ.

ಲಾಠಿ ಮತ್ತು ವೈರಸ್

ಪೊಲೀಸರ ಏಟು ನಿಲ್ಲಬೇಕು ಎಂದ ಆ ಮೊದಲ ಬೇಡಿಕೆ ಆರೋಗ್ಯದ ಬೇಡಿಕೆಯೇ ಆಗಿತ್ತು. ಕರ್ನಾಟಕದ ಲೈಂಗಿಕ ಕಾರ್ಯಕರ್ತೆಯರ ನಡುವೆ ನಡೆದ ಅಧ್ಯಯನವೊಂದರಲ್ಲಿ ಶೇ 11 ಮಂದಿ, ಹಿಂದಿನ ಒಂದು ವರ್ಷದಲ್ಲಿ ಹೊಡೆತವನ್ನೋ ಅತ್ಯಾಚಾರವನ್ನೋ ಅನುಭವಿಸಿದ್ದಾಗಿ ಹೇಳಿದ್ದರು. ಹಿಂಸೆ ಕಂಡವರಲ್ಲಿ ಕಾಂಡೋಮ್ ಬಳಕೆ ಕಡಿಮೆ, ಗೊನೋರಿಯಾ ಹೆಚ್ಚು. ಕ್ಲಿನಿಕ್ಕಿಗೆ ಬಂದವರೂ ಕಡಿಮೆಯೇ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಚೀಲದಲ್ಲಿ ಸಿಕ್ಕ ನಾಲ್ಕು ನಿರೋಧ್ ಪೊಟ್ಟಣಗಳೇ ಅಪರಾಧದ ಸಾಕ್ಷಿಯಾಗುವುದಾದರೆ ಅದನ್ನು ಯಾರು ಇಟ್ಟುಕೊಂಡು ತಿರುಗುತ್ತಾರೆ? ಪೊಲೀಸ್ ಜೀಪು ಬರುತ್ತದೆಂದು ಹೆದರಿ ಕತ್ತಲೆಯಲ್ಲಿ ಗಡಿಬಿಡಿಯಿಂದ ಮುಗಿಸುವವಳು ಗಿರಾಕಿಯೊಡನೆ ಚೌಕಾಸಿ ಮಾಡಲು ಯಾವಾಗ ನಿಲ್ಲುತ್ತಾಳೆ?

ಮೈಸೂರಿನಲ್ಲಿ ಇದಕ್ಕೆಂದೇ ಒಂದು ತಂಡ ಸಿದ್ಧವಾಯಿತು. ಎಲ್ಲೇ ಏಟು ಬೀಳಲಿ, ಫೋನ್ ಬಂದ ಕೂಡಲೇ ಸಂಘದವರು ಓಡುತ್ತಿದ್ದರು. ಠಾಣೆಗೆ ಒಬ್ಬಳೇ ಹೋಗುವುದಕ್ಕೂ ಹತ್ತು ಜನ ಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ಪೊಲೀಸರೂ ಕಂಡರು. ಅದರ ಜೊತೆಗೇ ಪೊಲೀಸರ ಜೊತೆ ಮಾತುಕತೆ, ತರಬೇತಿ, ಪರಿಚಯ ಬೆಳೆಸುವ ಕೆಲಸವೂ ನಡೆಯಿತು. ರಾಜ್ಯದ ಉದ್ದಗಲಕ್ಕೂ ಇಂಥ ತರಬೇತಿಗಳಾದವು, ವರದಿಯಾಗುವ ಹಿಂಸೆ ಇಳಿಯಿತು.

ಕಾನೂನು ನಿಧಾನಕ್ಕೆ ಹಿಂದೆ ಬಂತು. ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ 2017ರಲ್ಲಿ ಬಂದು 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಎಚ್‌ಐವಿ ತಡೆಯಲೆಂದು ಮಾಡುವ ಕೆಲಸ ಅಪರಾಧವಾಗದು ಎನ್ನುವ ಕಲಮು ಅದರಲ್ಲಿದೆ. ಕಾಯ್ದೆಯೇ ಉದಾಹರಣೆ ಕೊಡುತ್ತದೆ. ಒಬ್ಬರು ಲೈಂಗಿಕ ಕಾರ್ಯಕರ್ತೆಗೋ ಅವಳ ಗಿರಾಕಿಗೋ ಕಾಂಡೋಮ್ ಕೊಟ್ಟರೆ, ಕೊಟ್ಟವರೂ ಪಡೆದವರೂ ಕಾನೂನಿನ ಮುಂದೆ ಹೊಣೆಗಾರರಲ್ಲ. ಈ ಸಾಲನ್ನು ರಾಜ್ಯದ ಪ್ರತಿ ಠಾಣೆಯಲ್ಲಿ ಕನ್ನಡದಲ್ಲಿ ಬರೆದು ತೂಗುಹಾಕಬೇಕು ಎಂದು ನಾನು ಬಯಸುತ್ತೇನೆ. ಈ ವೃತ್ತಿಯವರಿಗೂ ಘನತೆಯಿಂದ ಬದುಕುವ ಹಕ್ಕಿದೆಯೆಂದು ಸುಪ್ರೀಂ ಕೋರ್ಟ್ 2022ರ ಮೇ 19ರಂದು ಹೇಳಿತು. ಆ ಪ್ರಕರಣದಲ್ಲಿ ಕೋರ್ಟ್ ನೇಮಿಸಿದ್ದ ಸಮಿತಿಯಲ್ಲಿ ದುರ್ಬಾರ್ ಸಂಘಟನೆಯೂ ಇತ್ತು. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ವಿರುದ್ಧದ ಹೋರಾಟ ಕೋರ್ಟಿನ ಮೆಟ್ಟಿಲೇರಿದ್ದೂ ಎಚ್‌ಐವಿ ಕೆಲಸದ ಮೂಲಕವೇ. 2001ರಲ್ಲಿ ಲಖನೌದಲ್ಲಿ ಗಂಡಸರ ನಡುವೆ ಕಾಂಡೋಮ್, ಮಾಹಿತಿ ಹಂಚುತ್ತಿದ್ದ ಕಾರ್ಯಕರ್ತರನ್ನೇ ಬಂಧಿಸಲಾಗಿತ್ತು. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ.

ಊರಿನ ಮನಸ್ಸನ್ನು ಮಾತ್ರ ಕೋರ್ಟು ಬದಲಿಸಲಾರದು. ಅದಕ್ಕೆ ಆಶೋದಯದವರು ಹಿಡಿದದ್ದು ಅಡುಗೆಯ ದಾರಿ. ವಿಶ್ವಬ್ಯಾಂಕಿನ ಸ್ಪರ್ಧೆಯೊಂದರಲ್ಲಿ 2008ರಲ್ಲಿ ಗೆದ್ದ ಹಣದಿಂದ ಅವರು ಮೈಸೂರಿನಲ್ಲಿ ಒಂದು ಹೋಟೆಲ್ ತೆರೆದರು. ಅಡುಗೆ ಮಾಡಿ ಬಡಿಸಿ ಗಲ್ಲಾಪೆಟ್ಟಿಗೆ ನೋಡಿಕೊಂಡವರು ಸಂಘದವರೇ, ಅದನ್ನು ಅವರು ಮುಚ್ಚಿಡಲಿಲ್ಲ. ಲಾಭ ಎಚ್‌ಐವಿ ಇರುವ ಸದಸ್ಯರ ಆರೈಕೆಗೆ. ಎಚ್‌ಐವಿ ಇರುವವರ ತಟ್ಟೆ ಲೋಟ ಬೇರೆ ಇಡುತ್ತಿದ್ದ ಕಾಲದಲ್ಲಿ, ಗೊತ್ತಿದ್ದೂ ಬಂದು ಊಟ ಮಾಡಿ ಹೋದ ಜನ ಆ ಊರಿನಲ್ಲಿ ಇದ್ದರು. ಮೈಸೂರಿನ ಬಗ್ಗೆ ನನಗೆ ಗೌರವ ಹೆಚ್ಚಿಸಿದ ಸಂಗತಿಗಳಲ್ಲಿ ಇದೂ ಒಂದು.

ಮಾತ್ರೆ, ಸೂಜಿ ಮತ್ತು ಫೋನು

ಈಗ ಕಾಂಡೋಮಿನ ಜೊತೆಗೆ ಮದ್ದುಗಳೂ ಬಂದಿವೆ. ಸೋಂಕು ಇಲ್ಲದವರು ದಿನಕ್ಕೊಂದು ಮಾತ್ರೆ ನುಂಗಿ ಎಚ್‌ಐವಿ ಬರದಂತೆ ತಡೆಯುವ ‘ಪ್ರೆಪ್’ ಅವುಗಳಲ್ಲಿ ಒಂದು. ಇದನ್ನು ಭಾರತದ ಲೈಂಗಿಕ ಕಾರ್ಯಕರ್ತೆಯರ ನಡುವೆ ಪ್ರಯೋಗವಾಗಿ ನಡೆಸಿ ತೋರಿಸಿದವರು ಮೈಸೂರಿನ ಆಶೋದಯ ಮತ್ತು ಕೋಲ್ಕತ್ತದ ದುರ್ಬಾರ್. ಮಾತ್ರೆ ಕೈಗೆ ಕೊಡುವ ಮುನ್ನ ಸಮುದಾಯದಲ್ಲೇ ಚರ್ಚೆ ನಡೆಯಿತು. ಇಂಥ ಮಾತ್ರೆ ಬಂದಾಗ ಏಳುವ ಪ್ರಶ್ನೆಗಳನ್ನು ಪ್ರಯೋಗಾಲಯದಲ್ಲಿ ಕೂತವರು ಊಹಿಸಲಾರರು. ಗಿರಾಕಿಗೆ ಸುಳಿವು ಸಿಕ್ಕರೆ ಕಾಂಡೋಮ್ ಬೇಡ ಎನ್ನುವುದಿಲ್ಲವೇ? ಡಬ್ಬಿ ಕಂಡ ಮನೆಯವರು ಎಚ್‌ಐವಿಯ ಮಾತ್ರೆ ಎಂದುಕೊಂಡರೆ? 2016ರಲ್ಲಿ ಶುರುವಾದ ಮೈಸೂರಿನ ಪ್ರಯೋಗಕ್ಕೆ 647 ಹೆಂಗಸರು ಸೇರಿದರು, 640 ಮಂದಿ ಕೊನೆಯವರೆಗೂ ಉಳಿದರು. ಒಬ್ಬರಿಗೂ ಹೊಸದಾಗಿ ಸೋಂಕು ಬರಲಿಲ್ಲ, ಕಾಂಡೋಮ್ ಬಳಕೆಯೂ ಇಳಿಯಲಿಲ್ಲ. ಕೋಲ್ಕತ್ತದಲ್ಲೂ ಹೊಸ ಸೋಂಕು ಸೊನ್ನೆ. ಕಾಂಬೋಡಿಯಾದಲ್ಲಿ 2004ರಲ್ಲಿ ಇಂಥದೇ ಮಾತ್ರೆಯ ಪರೀಕ್ಷೆಯನ್ನು ಅಲ್ಲಿಯ ಲೈಂಗಿಕ ಕಾರ್ಯಕರ್ತೆಯರು ವಿರೋಧಿಸಿ, ಸರ್ಕಾರ ಅದನ್ನು ನಿಲ್ಲಿಸಿತ್ತು. ತಮಗೇನಾದರೂ ಆದರೆ ಯಾರು ನೋಡಿಕೊಳ್ಳುತ್ತಾರೆ ಎಂಬ ಅವರ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿರಲಿಲ್ಲ.

ಇನ್ನೂ ಹೊಸದು ಲೆನಕಾಪವಿರ್. ಆರು ತಿಂಗಳಿಗೊಂದು ಚುಚ್ಚುಮದ್ದು. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ಇದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲವೆಂದು 2024ರಲ್ಲಿ ಗೊತ್ತಾಯಿತು. ಅಗ್ಗದ ದರದಲ್ಲಿ ಅದನ್ನು ತಯಾರಿಸಲು ಅನುಮತಿ ಪಡೆದ ಕಂಪನಿಗಳಲ್ಲಿ ಭಾರತದವೂ ಇವೆ. ಮನೆಯಲ್ಲಿ ಮಾತ್ರೆ ಬಚ್ಚಿಡುವ ತಾಪತ್ರಯ ಇದರಿಂದ ತಪ್ಪುತ್ತದೆ.

ಸೇವೆ ತಲುಪಿಸುವ ದಾರಿ ಮಾತ್ರ ಈಗ ಬಿಗಡಾಯಿಸಿದೆ. ಬಸ್ ನಿಲ್ದಾಣದಲ್ಲಿ ನಿಲ್ಲುತ್ತಿದ್ದವರು ಮೊಬೈಲಿಗೆ ಸರಿದಿದ್ದಾರೆ. ವಾಟ್ಸ್‌ಆ್ಯಪ್, ಆ್ಯಪ್‌ಗಳಲ್ಲಿ ಗಿರಾಕಿ ಸಿಗುವಾಗ ಸರ್ಕಲ್ಲು ಸುತ್ತುವ ಪೀರ್‌ಗಳಿಗೆ ಯಾರೂ ಕಾಣುವುದಿಲ್ಲ. ಹೊಸಬರು, ಚಿಕ್ಕ ವಯಸ್ಸಿನವರು ಹಳೆಯ ನಕ್ಷೆಯಲ್ಲಿ ಇಲ್ಲ. ದಾಖಲೆ ತುಂಬುವ ಕೆಲಸ ಮಾತ್ರ ಬೆಳೆಯುತ್ತಿದೆ. ಅದಕ್ಕಿಂತ ನೋವಿನ ಸಂಗತಿ ಗೌರವಧನ. ಸೋಂಕು ತಡೆದು ದೇಶದ ಕೋಟಿ ಕೋಟಿ ಉಳಿಸಿದ ಪೀರ್‌ಗೆ ತಿಂಗಳಿಗೆ ಸಿಗುವುದು ಕೆಲವೇ ಸಾವಿರ. ಅದೂ ಎಷ್ಟೋ ಕಡೆ ತಡವಾಗಿ. ಆವಾಹನ್ ಕಾರ್ಯಕ್ರಮ ಹತ್ತು ವರ್ಷಗಳಲ್ಲಿ ಸುಮಾರು ಆರು ಲಕ್ಷ ಸೋಂಕುಗಳನ್ನು ತಡೆದಿರಬಹುದೆಂದು 2013ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಅದರ ಬಹುಪಾಲು ಕಾಲ್ನಡಿಗೆಯ ಕೆಲಸ ಇಂಥವರದು. 2020ರ ಲಾಕ್‌ಡೌನಿನಲ್ಲಿ ಎಚ್‌ಐವಿ ಇರುವವರ ಮಾತ್ರೆ ತಪ್ಪದಂತೆ ಮನೆಬಾಗಿಲಿಗೆ ಮುಟ್ಟಿಸಿದವರಲ್ಲಿ ಮೈಸೂರಿನ ಈ ಹೆಂಗಸರೂ ಇದ್ದರು.

ಓದುಗರಲ್ಲಿ ಯಾರಿಗಾದರೂ ಬೇಕಾದೀತು: ಸರ್ಕಾರಿ ಆಸ್ಪತ್ರೆಗಳ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಫಲಿತಾಂಶ ಗೋಪ್ಯ. ಚಿಕಿತ್ಸೆ 2004ರಿಂದಲೂ ಉಚಿತವಾಗಿದೆ. ಕ್ರಮವಾಗಿ ಮದ್ದು ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಅಪಾಯದ ಸಂಪರ್ಕವಾಗಿದ್ದರೆ 72 ಗಂಟೆಯೊಳಗೆ ಆಸ್ಪತ್ರೆಗೆ ಹೋದರೆ ತಡೆ ಔಷಧಿ ಇದೆ, ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಸಹಾಯವಾಣಿ 1097.

ಲೆನಕಾಪವಿರ್ ನಮ್ಮ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಬಂದಾಗ ಅದನ್ನು ಎಲ್ಲಿ ಚುಚ್ಚಬೇಕು, ಯಾವ ಹೊತ್ತಿಗೆ, ಯಾರ ಕೈಯಿಂದ, ಕಾರ್ಡಿನಲ್ಲಿ ಏನು ಬರೆಯಬೇಕು ಎಂಬ ತೀರ್ಮಾನಗಳಾಗುತ್ತವೆ. ಆ ಸಭೆಗೆ ಮೈಸೂರು, ಬಾಗಲಕೋಟೆ, ಬೆಳಗಾವಿಯ ಸಂಘಗಳವರನ್ನು ಮೊದಲ ದಿನದಿಂದಲೇ ಕರೆಯಬೇಕು. ಅವರ ಬಸ್ ಖರ್ಚು, ದಿನದ ಸಂಪಾದನೆ ಕಳೆದುಕೊಂಡದ್ದಕ್ಕೆ ಭತ್ಯೆ, ಪೀರ್‌ಗಳ ಬಾಕಿ ಗೌರವಧನ ಮೂರನ್ನೂ ಅದೇ ಬಜೆಟ್ಟಿನಲ್ಲಿ ಸೇರಿಸಬೇಕು.